ಜಡ್ತಿಯಲ್ಲಿ ಸಿಕ್ಕಿದ್ದು

ನನ್ನ ಕಾಯಿಲೆಯನ್ನು ಮೊದಲು ಕಂಡುಹಿಡಿದವರು ಡಾಕ್ಟರಲ್ಲ, ಚಿನ್ನ ಕದ್ದಿದ್ದೇನೆಂದು ನನ್ನನ್ನು ಹಿಡಿದುಕೊಂಡ ಒಬ್ಬ ಜಮಾದಾರ. ಇದನ್ನು ಹೇಳಿದರೆ ಜನ ನಗುತ್ತಾರೆ. ನಗಲಿ. ಎಂಬತ್ತು ದಾಟಿದವನಿಗೆ ಇನ್ನೆಂಥ ನಾಚಿಕೆ? ಆದರೆ ಆ ದಿನಗಳಲ್ಲಿ ನಗುವಂಥದ್ದು ಏನೂ ಇರಲಿಲ್ಲ. ಒಂದಿಷ್ಟು ಚರ್ಮದ ತೊಂದರೆ ನನ್ನ ಸಂಸಾರವನ್ನು ನುಂಗಿ ನೀರು ಕುಡಿಯಲು ಕಾದಿತ್ತು. ನಾನು ಬಾಯಿ ಬಿಡದೆ ಅದಕ್ಕೆ ದಾರಿ ಮಾಡಿಕೊಡುತ್ತಿದ್ದೆ.

ಈಗ ಬರೆಯಲು ಕಾರಣವಿದೆ. ಹೋದ ವರ್ಷ ಬಂಗಾರಪೇಟೆಯ ಒಂದು ಕ್ಲಿನಿಕ್ಕಿನಲ್ಲಿ ಮಂಡಿನೋವಿಗೆಂದು ಕೂತಿದ್ದೆ. ಪಕ್ಕದಲ್ಲಿ ಹೊಸದಾಗಿ ಮದುವೆಯಾದ ಒಬ್ಬಾತ, ಚೀಟಿಯನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡು ಗೋಡೆಯ ಕಡೆ ಮುಖ ಮಾಡಿ ಕೂತಿದ್ದ. ಅವನ ಹೆಸರು ಕೂಗಿದರು. ಅವನು ಏಳಲಿಲ್ಲ. ಎರಡನೆಯ ಸಲ ಕೂಗಿದಾಗ ಎದ್ದು ಬಾಗಿಲಿನಿಂದ ಹೊರಗೇ ಹೋಗಿಬಿಟ್ಟ. ಅವನಿಗಿದ್ದದ್ದು ಏನು ಕಾಯಿಲೆಯೋ ನನಗೆ ಗೊತ್ತಿಲ್ಲ. ಆ ಬೆನ್ನು ಮಾತ್ರ ಗೊತ್ತಿತ್ತು. ಎದ್ದು ಹಿಂದೆ ಹೋಗಬೇಕಿತ್ತು, ಮಂಡಿ ಬಿಡಲಿಲ್ಲ.

ಅರವತ್ತರ ದಶಕ ಆಗ ತಾನೇ ಶುರುವಾಗಿತ್ತು. ನಾನು ಬಂಗಾರಪೇಟೆಯಲ್ಲಿ ಅಮ್ಮನ ಜೊತೆ ಇದ್ದು, ದಿನಾ ಟ್ರೈನಿನಲ್ಲಿ ಉರಿಗಾಮಿಗೆ ಹೋಗಿ ಒಂದು ಮಿಲ್ಲಿನಲ್ಲಿ ಕೆಲಸ ಮಾಡುತ್ತಿದ್ದೆ. ಗಣಿಯಿಂದ ಬಂದ ಕಲ್ಲನ್ನು ಪುಡಿ ಮಾಡಿ ಚಿನ್ನ ಬೇರೆ ಮಾಡುವ ಜಾಗ ಅದು. ಅಲ್ಲಿ ಪಾಳಿ ಮುಗಿಸಿ ಹೊರಗೆ ಬರುವವರಿಗೆಲ್ಲ ಜಡ್ತಿ, ಅಂದರೆ ಮೈ ತಪಾಸಣೆ, ಆಗಬೇಕು. ಉದ್ದನೆಯ ಕೋಣೆ, ನಡುವೆ ನೆಲದ ಮೇಲೆ ಸುಣ್ಣದ ಗೆರೆ. ಗೆರೆಯ ಈಚೆ ಕೆಲಸದ ಬಟ್ಟೆ ಬಿಚ್ಚಿಡಬೇಕು. ಬರಿಮೈಯಲ್ಲಿ ಕಾವಲಿನ ಜಮಾದಾರನ ಮುಂದೆ ಕೈಯೆತ್ತಿ, ಬಾಯಿ ತೆರೆದು ತೋರಿಸಿ, ಗೆರೆ ದಾಟಿ ಆಚೆಗೆ ಹೋಗಿ ಮನೆಯ ಬಟ್ಟೆ ಹಾಕಿಕೊಳ್ಳಬೇಕು. ಒಟ್ಟು ನಾಲ್ಕು ಹೆಜ್ಜೆ. ಉಳಿದವರು ಬೀಡಿ ಕೇಳುತ್ತಾ, ಸಿನಿಮಾ ಮಾತಾಡುತ್ತಾ ಆ ನಾಲ್ಕು ಹೆಜ್ಜೆ ದಾಟುತ್ತಿದ್ದರು. ನಾನು ಮಾತ್ರ ಕೈಯೆತ್ತಿದಂತೆ ಮಾಡಿ, ಕೂಡಲೇ ಎರಡೂ ಕೈ ಮುಂದೆ ಅಡ್ಡ ಹಿಡಿದು ಗೋಡೆಯ ಪಕ್ಕ ಸರಿಯುತ್ತಿದ್ದೆ. ಹಾಗೆ ನೋಡಿದರೆ ನನ್ನ ಮೈಯಲ್ಲಿ ಕಣ್ಣಿಗೆ ಕಾಣುವ ಊನವೇನೂ ಇರಲಿಲ್ಲ. ಕಾಣದ್ದನ್ನು ಯಾರೋ ಕಂಡುಬಿಡುತ್ತಾರೆ ಅನ್ನುವುದೇ ಭಯ.

ಮದುವೆಗೆ ಮುಂಚೆ ಆ ಭಯಕ್ಕೆ ಹೆಸರಿರಲಿಲ್ಲ. ನೀರು ಹೋಗುವಾಗ ಉರಿ, ಆಗಾಗ ಬಾವು. ಎಲ್ಲ ಗಂಡಸರಿಗೂ ಹೀಗೇ ಇರುತ್ತದೆ ಅಂದುಕೊಂಡಿದ್ದೆ. ಇಂಥದ್ದನ್ನು ಯಾರ ಹತ್ತಿರ ಹೋಲಿಸಿ ನೋಡುವುದು? ಅಪ್ಪ ಇರಲಿಲ್ಲ, ಅಣ್ಣ ತಮ್ಮಂದಿರೂ ಇಲ್ಲ.

ಇಪ್ಪತ್ತಾರಕ್ಕೆ ಮದುವೆಯಾಯಿತು. ಹುಡುಗಿ ಹೊರಗಿನವಳಲ್ಲ, ಬೂದಿಕೋಟೆಯಲ್ಲಿದ್ದ ನನ್ನ ಸೋದರಮಾವನ ಮಗಳು ನಾರಾಯಣಮ್ಮ. ಅವಳಿಗೆ ಇಪ್ಪತ್ತೊಂದು, ಆ ಕಾಲಕ್ಕೆ ತಡವೇ. ನನ್ನ ಜೊತೆ ಹುಣಸೆಕಾಯಿಗೆ ಜಗಳವಾಡಿ ಬೆಳೆದವಳು. ಅಮ್ಮನಿಗೆ ಅಣ್ಣನ ಮಗಳು ಮನೆಗೆ ಬಂದಳೆಂಬ ಹಿಗ್ಗು, ಮಾವನಿಗೆ ತಂಗಿಯ ಮನೆ ಸೇರಿದಳೆಂಬ ನೆಮ್ಮದಿ.

ಮದುವೆಯಾದ ಮೂರನೆಯ ದಿನ ಗೊತ್ತಾಯಿತು. ನೋವಿಗೆ ಕಣ್ಣು ಕತ್ತಲೆ ಬಂದು ಎದ್ದು ಕೂತೆ. “ಯಾಕ್ ಬಾವ?” ಅಂದಳು. ತಲೆನೋವು ಅಂದೆ. ಆಮೇಲೆ ವರ್ಷವಿಡೀ ನನಗೆ ತಲೆನೋವೇ. ಎರಡು ಮೂರು ಸಲ ಹಲ್ಲು ಕಚ್ಚಿ ಪ್ರಯತ್ನ ಪಟ್ಟೆ, ರಕ್ತ ಕಂಡು ಹೆದರಿದೆ. ಆಮೇಲೆ ನೋವಿಗಿಂತ ನೋವು ಬರುತ್ತದೆ ಎಂಬ ಹೆದರಿಕೆಯೇ ಮೊದಲು ಬರತೊಡಗಿತು. ಅವಳು ತಲೆಗೆ ಹೂ ಮುಡಿದರೆ ಏನಾದರೂ ನೆಪ ಹೇಳಿ ಬೀದಿಗೆ ಇಳಿಯುತ್ತಿದ್ದೆ. ಅವಳು ನಗುತ್ತಾ ನೀರು ಕೊಟ್ಟರೆ ಗದರುತ್ತಿದ್ದೆ. ಪ್ರೀತಿ ಇಲ್ಲದೆ ಗದರಿದ್ದಲ್ಲ. ಅವಳು ಹತ್ತಿರ ಬರದಿದ್ದರೆ ಸಾಕಪ್ಪಾ ಎಂದು.

ಕೊನೆಗೆ ಒಂದು ಉಪಾಯ ಹೊಳೆಯಿತು. ಮಿಲ್ಲಿನಲ್ಲಿ ರಾತ್ರಿ ಪಾಳಿ ಯಾರಿಗೂ ಬೇಡ. ನಾನು ಕೇಳಿ ಕೇಳಿ ಹಾಕಿಸಿಕೊಂಡೆ. ನನ್ನ ವಾರ ಮುಗಿದರೆ ಇನ್ನೊಬ್ಬನ ವಾರ ಬದಲಾಯಿಸಿಕೊಳ್ಳುತ್ತಿದ್ದೆ. ಬೆಳಿಗ್ಗೆ ಮನೆಗೆ ಬಂದು ಬಾಗಿಲಿಗೆ ಚಿಲಕ ಹಾಕಿ ಮಲಗಿದರೆ, ಸಂಜೆ ಎದ್ದು ಮತ್ತೆ ಟ್ರೈನು. ಸ್ಟೇಷನ್ ಪಕ್ಕದ ಟೀ ಅಂಗಡಿಯಲ್ಲಿ “ಏನಪ್ಪಾ ಮದುಮಗ, ಎಂಗೈತೆ ಸಂಸಾರ?” ಎಂದು ಯಾರಾದರೂ ಕಿಚಾಯಿಸಿದರೆ ಎಲ್ಲರಿಗಿಂತ ಜೋರಾಗಿ ನಾನೇ ನಗುತ್ತಿದ್ದೆ.

ಒಂದು ಸಲ ಧೈರ್ಯ ಮಾಡಿ ಸ್ಟೇಷನ್ ಹಿಂದಿನ ಲಾಡ್ಜಿಗೆ ಬರುತ್ತಿದ್ದ ಗುಪ್ತರೋಗದ ವೈದ್ಯನ ಹತ್ತಿರ ಹೋದೆ. ಅವನು ನಾಲಿಗೆ ನೋಡಿದ, ಅಂಗೈ ನೋಡಿದ, ಕಣ್ಣಿನ ರೆಪ್ಪೆ ಎಳೆದು ನೋಡಿದ. ತೋರಿಸು ಎಂದು ಅವನು ಕೇಳಲಿಲ್ಲ, ನಾನೂ ತೋರಿಸಲಿಲ್ಲ. “ನರ ಸತ್ತಿದೆ” ಅಂದ. ಡಬ್ಬಿಯಲ್ಲಿ ಲೇಹ್ಯ ಕೊಟ್ಟ. ಲೇಹ್ಯ ಕಸದ ಗುಂಡಿಗೆ ಹೋಯಿತು, ಆ ಮಾತು ಮಾತ್ರ ನನ್ನೊಳಗೆ ಬೇರು ಬಿಟ್ಟಿತು. ಮಿಲ್ಲಿನ ಗದ್ದಲದಲ್ಲಿ ನಿಂತಾಗಲೂ ಕಿವಿಯಲ್ಲಿ ಅದೇ. ನನ್ನ ಒಂದು ಭಾಗ ಸತ್ತಿದೆ, ಉಳಿದದ್ದೂ ಒಂದೊಂದಾಗಿ ಸಾಯುತ್ತದೆ ಎಂದು ನಂಬಿಬಿಟ್ಟೆ. ಊಟ ಸೇರಲಿಲ್ಲ. ಪ್ಯಾಂಟು ಸೊಂಟದಿಂದ ಜಾರತೊಡಗಿತು.

ವರ್ಷ ತುಂಬಿತು. ಬೀದಿಯ ಹೆಂಗಸರು “ಏನೂ ವಿಶೇಷ ಇಲ್ವಾ?” ಎಂದು ನಾರಾಯಣಮ್ಮನನ್ನು ಕೇಳಲು ಶುರು ಮಾಡಿದರು. ಅಮ್ಮ ಮೊದಮೊದಲು ಅವರ ಬಾಯಿ ಮುಚ್ಚಿಸುತ್ತಿದ್ದಳು, ಆಮೇಲೆ ತಾನೇ ಕೇಳತೊಡಗಿದಳು. ಕಷಾಯ ಕುಡಿಸಿದಳು, ಹರಕೆ ಕಟ್ಟಿಸಿದಳು, ಸೋಮವಾರ ಒಪ್ಪತ್ತು ಮಾಡಿಸಿದಳು. ನಾರಾಯಣಮ್ಮ ಎಲ್ಲಕ್ಕೂ ತಲೆಯಾಡಿಸಿದಳು. ಕಷಾಯದ ಲೋಟ ಬಾಯಿಗೆ ಹಿಡಿಯುವಾಗ ಒಂದೊಂದು ಸಲ ನನ್ನ ಕಡೆ ನೋಡುತ್ತಿದ್ದಳು. ನಾನು ಬೇರೆ ಎಲ್ಲೋ ನೋಡುತ್ತಿದ್ದೆ.

ಆಷಾಢ ಹತ್ತಿರ ಬಂತು. ನಮ್ಮ ಕಡೆ ಹೊಸ ಸೊಸೆ ಮೊದಲ ಆಷಾಢಕ್ಕೆ ತವರಿಗೆ ಹೋಗುತ್ತಾಳೆ. ಅತ್ತೆ ಸೊಸೆ ಒಂದು ಹೊಸ್ತಿಲು ದಾಟಬಾರದು, ಅಳಿಯನೂ ಅತ್ತೆಮನೆಯ ಹೊಸ್ತಿಲು ತುಳಿಯಬಾರದು. ನಾರಾಯಣಮ್ಮ ಹಿಂದಿನ ವರ್ಷವೇ ಹೋಗಿ ಬಂದಿದ್ದಳು. ಆದರೂ ಅಮ್ಮ ಈ ವರ್ಷವೂ ಹೊರಡಿಸಿದಳು. ಸಂಜೆ ನಾನು ಊಟದ ಡಬ್ಬಿ ಕಟ್ಟುತ್ತಿದ್ದಾಗ ಅವಳಿಗೆ ಹೇಳಿದಳು.

“ಓಗಿ ಅಮಾಸೆ ದಿನ ಬರೆ ಆಕಿಸ್ಕಂಡು ಬಾ ಕಣಮ್ಮಿ. ಒಟ್ಟೆ ಸೀತ ಆಗೈತೆ ನಿಂಗೆ, ಅದಕ್ಕೇ ನಿಲ್ತಿಲ್ಲ. ನಿಮ್ಮಪ್ಪಂಗೆ ಏಳಿ ಕಳ್ಸಿದೀನಿ. ನಿಮ್ಮೂರಿನ ಮುದುಕಮ್ಮ ಅರಿಶಿನದ ಕೊಂಬು ಸುಟ್ಟು ಒಟ್ಟೆ ಮೇಲೆ ಆಕ್ತಾಳೆ, ಒಂದೇ ಒಂದು. ಅದಕ್ಕೂ ಆಗ್ಲಿಲ್ಲ ಅಂದ್ರೆ ಸ್ರಾವಣದಾಗೆ ನಾನು ಬ್ಯಾರೆ ದಾರಿ ನೋಡ್ಬೇಕಾಯ್ತದೆ.”

ಬೇರೆ ದಾರಿ ಎಂದರೆ ಇನ್ನೊಂದು ಹೆಣ್ಣು. ನಾರಾಯಣಮ್ಮ ರಾಗಿ ಮುದ್ದೆಯ ಪಾತ್ರೆ ಉಜ್ಜುತ್ತಿದ್ದವಳು ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. ನಾನು ಒಂದೇ ಮಾತು ಆಡಿದ್ದರೆ ಸಾಕಿತ್ತು. “ಟ್ರೈನಿಗೆ ಒತ್ತಾಯ್ತು” ಅಂದೆ. ಡಬ್ಬಿ ತಗೊಂಡು ಹೊರಟೆ. ಈ ಬರಹದಲ್ಲಿ ನನಗೆ ಅಳಿಸಲಾಗದ ಮಾತು ಅದೊಂದೇ.

ಅವಳು ಹೋದ ಮೇಲೆ ನಿರಾಳವಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಆಷಾಢದ ಗಾಳಿ ಬೀಸಲು ಶುರುವಾಯಿತು. ಗಣಿಯ ಬಿಳಿ ದಿಬ್ಬಗಳ ಧೂಳೆದ್ದು ಉರಿಗಾಮಿನ ಸಾಲುಮನೆಗಳ ಬಾಗಿಲು, ತಟ್ಟೆ, ಕಣ್ಣು ರೆಪ್ಪೆ ಎಲ್ಲದರ ಮೇಲೂ ಕೂರುತ್ತಿತ್ತು. ಆ ತಿಂಗಳಲ್ಲಿ ಎರಡು ಸಲ ಕೆಳಗೆ ಬಂಡೆ ಸಿಡಿದು ನೆಲ ನಡುಗಿತು. ಅಂಥ ಹೊತ್ತಿನಲ್ಲಿ ಹೆಂಗಸರೆಲ್ಲ ಬೀದಿಗೆ ಬಂದು ಗಣಿಗೆ ಇಳಿಯುವ ಶಾಫ್ಟಿನ ಕಡೆ ನೋಡುತ್ತಾ ಸುಮ್ಮನೆ ನಿಲ್ಲುತ್ತಾರೆ. ಯಾರ ಮನೆಗೆ ಸುದ್ದಿ ಬರುತ್ತದೋ ಗೊತ್ತಿಲ್ಲದ ನಿಲ್ಲುವಿಕೆ ಅದು. ನಾನು ತಿಂಗಳಿಡೀ ಹಾಗೇ ನಿಂತಿದ್ದೆ. ಅಮಾವಾಸ್ಯೆಗೆ ಎಷ್ಟು ದಿನ ಎಂದು ಬೆರಳು ಮಡಿಸುತ್ತಿದ್ದೆ.

ಆಗಲೇ ಬಾವು ಬಂದದ್ದು. ಈ ಸಲ ಇಳಿಯಲಿಲ್ಲ. ಮೂರನೆಯ ದಿನಕ್ಕೆ ಜ್ವರ, ಕಾಲು ಅಗಲಿಸಿ ನಡೆಯುವ ಸ್ಥಿತಿ. ರಜ ಹಾಕಿದರೆ ಅಮ್ಮ ಕಾರಣ ಕೇಳುತ್ತಾಳೆ ಎಂದು ಕೆಲಸಕ್ಕೆ ಹೋದೆ.

ಬೆಳಿಗ್ಗೆ ಪಾಳಿ ಬಿಟ್ಟಿತು. ಜಡ್ತಿ ಕೋಣೆಯಲ್ಲಿ ಅವತ್ತು ಜಮಾದಾರ ಏಳುಮಲೈ ನಿಂತಿದ್ದ. ದಪ್ಪ ಮೀಸೆಯ ತಮಿಳಿನವನು, ಕನ್ನಡ ಅವನ ಬಾಯಲ್ಲಿ ಅರ್ಧ ತಮಿಳಾಗಿಯೇ ಬರುತ್ತಿತ್ತು. ನಾನು ಎಂದಿನಂತೆ ಕೈ ಮುಂದೆ ಮಾಡಿ ಗೆರೆ ದಾಟಲು ಹೋದೆ.

“ನಿಲ್ಲು ತಂಬಿ. ಕೈ ತೆಗಿ.”

ತೆಗೆಯಲಿಲ್ಲ.

“ಒಂದು ವರ್ಷದಿಂದ ನಿನ್ನೇ ಪಾಕ್ತಾ, ನೋಡ್ತಾ ಇದೀನಿ” ಅಂದ. ಕೋಣೆಯಲ್ಲಿದ್ದ ಇಪ್ಪತ್ತು ಜನ ತಿರುಗಿ ನೋಡಿದರು. “ಹೊಸ ಮಾಪಿಳ್ಳೈ, ಮದುಮಗ, ಯಾರಾದ್ರೂ ನೈಟ್ ಪಾಳಿ ಕೇಳ್ತಾರಾ? ಮನೇಲಿ ಪೊಂಡಾಟಿ ಬಿಟ್ಟು? ನೀನು ಕೇಳ್ತೀಯ. ಪ್ರತಿ ವಾರ ಕೇಳ್ತೀಯ. ಗೆರೆ ದಾಟುವಾಗ ಕಳ್ಳ ಬೆಕ್ಕು ಥರ ದಾಟ್ತೀಯ. ಇವತ್ತು ಕಾಲು ಬೇರೆ ಅಗಲ. ಏನು ಇಟ್ಟಿದೀಯ ಅಲ್ಲಿ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಕದಿಯದೆಯೇ ಒಂದು ವರ್ಷದಿಂದ ಹೆಗಲು ಮುಟ್ಟಿಕೊಂಡು ಓಡಾಡಿದ್ದೆ. ಅವನ ಲೆಕ್ಕಾಚಾರದಲ್ಲಿ ತಪ್ಪೇನಿತ್ತು? ಹೆಂಡತಿಯನ್ನು ಬಿಟ್ಟು ರಾತ್ರಿಯೆಲ್ಲ ಮಿಲ್ಲಿನಲ್ಲಿರಲು ಇಷ್ಟಪಡುವ ಗಂಡಸಿಗೆ ಚಿನ್ನವಲ್ಲದೆ ಬೇರೇನು ಆಸೆ ಇರಲು ಸಾಧ್ಯ? ಕೈ ಎಳೆದು ನೋಡಿದ. ಬಾವು ಕಂಡಿತು. ಮೈಯೊಳಗೇ ಏನೋ ಸೇರಿಸಿಕೊಂಡಿದ್ದಾನೆ ಎಂದುಕೊಂಡ. ಹಿಂದೆ ಯಾರೋ ಹಾಗೆ ಮಾಡಿ ಸಿಕ್ಕಿಬಿದ್ದಿದ್ದರಂತೆ.

ಲುಂಗಿ ಸುತ್ತಿಸಿ, ಇಬ್ಬರು ವಾಚ್‌ಮನ್‌ಗಳ ನಡುವೆ ನನ್ನನ್ನು ಆಸ್ಪತ್ರೆಗೆ ನಡೆಸಿಕೊಂಡು ಹೋದರು. ಅದೇ ಹೊತ್ತಿಗೆ ಬಂಗಾರಪೇಟೆಯ ಟ್ರೈನಿಗೆ ಹೋಗುವವರೆಲ್ಲ ಎದುರಿಗೆ ಬರುತ್ತಿದ್ದರು. ಧೂಳಿಗೆ ಟವೆಲ್ ಅಡ್ಡ ಹಿಡಿದಿದ್ದವರು ಟವೆಲ್ ಇಳಿಸಿ ನೋಡಿದರು. ನಮ್ಮ ಬೀದಿಯ ಒಬ್ಬನೂ ಅವರಲ್ಲಿದ್ದ. ಅವನು ಟ್ರೈನಿನ ಕಡೆ ಹೆಜ್ಜೆ ಚುರುಕು ಮಾಡಿದ.

ಆಸ್ಪತ್ರೆಯ ಬೆಂಚಿನ ಮೇಲೆ ಬಸುರಿಯರು, ಕೈಗೆ ಕಟ್ಟು ಹಾಕಿಕೊಂಡ ಗಣಿಯವರು, ಕೆಮ್ಮುವ ಮುದುಕರು. ನನ್ನ ಎರಡು ಪಕ್ಕ ವಾಚ್‌ಮನ್‌ಗಳು ಕೂತ ಕೂಡಲೇ ಆ ಬೆಂಚು ಖಾಲಿಯಾಯಿತು. ಒಂದು ಗಂಟೆ ಕಾದಿರಬೇಕು. ನನಗೆ ಚಿನ್ನದ ಭಯ ಇರಲಿಲ್ಲ, ಇಲ್ಲದ್ದು ಸಿಗುವುದಿಲ್ಲ. ಇರುವುದು ಸಿಗುತ್ತದಲ್ಲ ಎಂಬುದೇ ಭಯ. ಪರದೆಯ ಹಿಂದೆ ಕರೆದರು.

ಡಾಕ್ಟರು ನಡುವಯಸ್ಸಿನವರು, ಮೈಸೂರು ಕಡೆಯವರೆಂದು ಮಾತಿನಲ್ಲೇ ತಿಳಿಯುತ್ತಿತ್ತು. ಬೆಳಕಿಗೆ ಸರಿಸಿ ನೋಡಿದರು. ಬಹಳ ಹೊತ್ತೇನೂ ನೋಡಲಿಲ್ಲ.

“ಎಷ್ಟು ದಿನದಿಂದ ಹೀಗಿದೆಯಪ್ಪಾ?”

“ಬಾವು ಮೂರ್ ದಿನದಿಂದ ಸಾರ್.”

“ಬಾವಲ್ಲ. ಚರ್ಮ. ಹಿಂದಕ್ಕೆ ಸರಿಯೋದೇ ಇಲ್ವಾ?”

ನಾನು ಕೇಳಿದೆ, “ಸರೀಬೇಕಾ ಸಾರ್?”

ಅವರು ಬರೆಯುತ್ತಿದ್ದ ಪೆನ್ನು ನಿಲ್ಲಿಸಿದರು. ಕನ್ನಡಕ ತೆಗೆದು ನನ್ನ ಮುಖ ನೋಡಿದರು. “ಮದುವೆ ಆಗಿದೆಯಾ?”

“ಆಗೈತೆ ಸಾರ್. ವರ್ಸದ ಮೇಲಾಯ್ತು.”

“ಯಾರಿಗೂ ತೋರಿಸಲಿಲ್ವಾ ಇಷ್ಟು ದಿನ?”

“ನರ ಸತ್ತೈತೆ ಅಂದ್ರು ಸಾರ್.”

“ಯಾವನು ಹೇಳಿದ್ದು? ನರ ಗಿರ ಎಲ್ಲ ನೆಟ್ಟಗಿದೆ ನಿನಗೆ. ಎಲೆಅಡಿಕೆ ಸಂಚಿಯ ಬಾಯಿಗೆ ದಾರ ಬಿಗಿದಿರುತ್ತಲ್ಲ, ಹಾಗೆ ಚರ್ಮದ ಬಾಯಿ ಬಿಗಿದಿದೆ. ನೋವಾಗದೆ ಇನ್ನೇನಾಗುತ್ತೆ? ಬಾವು ಇಳಿಯಲಿ. ಸಣ್ಣ ಆಪರೇಷನ್ ಮಾಡಿ ತೆಗೆದುಬಿಡೋಣ. ಅಷ್ಟೇ.”

ಅಷ್ಟೇ ಎಂಬ ಮಾತಿಗೆ ಸಂತೋಷವಾಗಬೇಕಿತ್ತು. ನನಗೆ ಸಿಟ್ಟು ಬಂತು. ವರ್ಷವಿಡೀ ದಿನವೂ ಸತ್ತದ್ದು ಒಂದು ಅಷ್ಟೇಗಾಗಿಯೇ? ಗೋಡೆಗೆ ಹಣೆ ಒತ್ತಿ ಅತ್ತೆ. ಡಾಕ್ಟರು ಸುಮ್ಮನಿರು ಅನ್ನಲಿಲ್ಲ. ಹೊರಗಿನವರಿಗೆ ಕಾಯಬೇಕೆಂದು ಹೇಳಿ ನಾನು ಮುಗಿಸುವ ತನಕ ಕೂತಿದ್ದರು. ಅವತ್ತು ನನಗೆ ಸಿಕ್ಕ ಮೊದಲ ದಯೆ ಅದು.

ಎರಡನೆಯದು ಏಳುಮಲೈನಿಂದ ಬಂತು. ಡಾಕ್ಟರ ಚೀಟಿ ಹಿಡಿದು ಬಂದ ಅವನು ನನ್ನ ಮುಖ ನೋಡದೆ ಹೇಳಿದ: “ತೊಡೆಯಲ್ಲಿ ಕುರು ಅಂತ ನಮ್ಮ ಪುಸ್ತಕದಲ್ಲಿ ಬರೆಸಿದೀನಿ. ಯಾರು ಕೇಳಿದ್ರೂ ಕುರು. ಸರಿಯಾ ತಂಬಿ?”

ಆದರೆ ಪುಸ್ತಕಕ್ಕಿಂತ ಟ್ರೈನು ಬೇಗ ಓಡುತ್ತದೆ. ನಾನು ಮನೆ ತಲುಪುವ ಹೊತ್ತಿಗೆ ಮುನಿವೆಂಕಟಪ್ಪ, ಎಂದರೆ ನಾನು, ಚಿನ್ನ ಕದ್ದು ಸಿಕ್ಕಿಬಿದ್ದ ಎಂದು ಬೀದಿಯೆಲ್ಲ ತಿಳಿದಿತ್ತು. ಅಮ್ಮ ಬಾಗಿಲಲ್ಲೇ ಕೂತಿದ್ದಳು.

“ನಿಜವೇನ್ಲಾ?” ಅಂದಳು.

ಇಲ್ಲಮ್ಮಾ, ಕುರು ಅನ್ನಬಹುದಿತ್ತು. ತೋರಿಸು ಅಂದರೆ? ನಿಜ ಹೇಳಬಹುದಿತ್ತು. ನಾನು ಆಗ ನಿಂತ ನಿಲುವಿನಲ್ಲಿ ತೂಗಿ ನೋಡಿದೆ: ಕಳ್ಳ ಎನಿಸಿಕೊಳ್ಳುವುದು ಮೇಲೋ, ಗಂಡಸಲ್ಲ ಎನಿಸಿಕೊಳ್ಳುವುದು ಮೇಲೋ? ಕಳ್ಳನಾದರೂ ಗಂಡಸೇ. ಸುಮ್ಮನೆ ಒಳಗೆ ಹೋಗಿ ಗೋಡೆ ಕಡೆ ತಿರುಗಿ ಮಲಗಿದೆ. ಅಮ್ಮ ಅದನ್ನೇ ಒಪ್ಪಿಗೆ ಎಂದು ತಿಳಿದಳು.

ಜ್ವರದಲ್ಲಿ ಎರಡು ದಿನ ಕಳೆಯಿತು. ಡಾಕ್ಟರ ಮಾತ್ರೆಗೆ ಬಾವು ಇಳಿಯುತ್ತಾ ಬಂತು. ಅಮ್ಮ ಒಲೆಯ ಮುಂದೆ ಕೂತು ತನ್ನಷ್ಟಕ್ಕೆ ಆಡುತ್ತಿದ್ದ ಮಾತು ಗೋಡೆಯಾಚೆಗೆ ಕೇಳುತ್ತಿತ್ತು. ಮೊದಮೊದಲು ನನ್ನನ್ನು ಬೈದಳು. ಆಮೇಲೆ ಬೈಗುಳ ದಿಕ್ಕು ಬದಲಿಸಿತು.

“ನನ್ ಮಗ ಇಂಗಿರ್ಲಿಲ್ಲ. ಆವಮ್ಮಿ ಕಾಲಿಟ್ ಗಳಿಗೆ. ಒಟ್ಟೇನೂ ತುಂಬ್ಲಿಲ್ಲ, ಮನೇನೂ ಉಳೀಲಿಲ್ಲ. ಒಂದು ಬರೆ ಸಾಲ್ದು, ಮೂರ್ ಆಕ್ಸು ಅಂತ ನಮ್ಮಣ್ಣಂಗೆ ಏಳಿ ಕಳ್ಸಿದೀನಿ. ಬಸ್ಸಿನ ಕಂಡಕ್ಟ್ರು ಮುಟ್ಟಿಸ್ತಾನೆ.”

“ಯಾವತ್ತು?” ಎಂದು ಮಲಗಿದ್ದಲ್ಲಿಂದಲೇ ಕೇಳಿದೆ.

“ಇವತ್ತೇ ಅಲ್ವೇನ್ಲಾ ಅಮಾಸೆ.”

ಬೆರಳು ಮಡಿಸುವುದನ್ನು ಜ್ವರದಲ್ಲಿ ಮರೆತಿದ್ದೆ. ನಮ್ಮ ಕಡೆ ಆಷಾಢದ ಅಮಾವಾಸ್ಯೆ ಎಂದರೆ ಹೆಂಗಸರು ಗಂಡನ ಆಯುಸ್ಸಿಗೆಂದು ಪೂಜೆ ಮಾಡುವ ದಿನ. ಎದ್ದು ಅಂಗಿ ಹಾಕಿಕೊಂಡೆ. “ಎಲ್ಲಿಗ್ಲಾ?” ಎಂದು ಅಮ್ಮ ಕೂಗುತ್ತಿದ್ದಂತೆ ಬೀದಿಗೆ ಇಳಿದೆ. ಬೂದಿಕೋಟೆಯ ಬಸ್ಸು ನನ್ನ ಕಣ್ಣೆದುರೇ ಹೊರಟುಹೋಯಿತು. ಇನ್ನೊಂದಕ್ಕೆ ಕಾದೆ. ಆ ಕಾಯುವಿಕೆಯ ಬಗ್ಗೆ ಏನು ಬರೆಯಲಿ? ಆಸ್ಪತ್ರೆಯ ಬೆಂಚು ಅದಕ್ಕಿಂತ ಸುಖ. ಬಸ್ಸು ಬಂತು, ದಾರಿಯಲ್ಲಿ ಸಿಕ್ಕಸಿಕ್ಕ ಕಡೆ ನಿಂತಿತು, ಒಬ್ಬ ಕುರಿ ಹತ್ತಿಸಿದ, ಕಂಡಕ್ಟರು ಅವನ ಜೊತೆ ವಾದಕ್ಕೆ ನಿಂತ. ನಾನು ಸೀಟಿನ ಕಂಬಿ ಹಿಡಿದು, ಹೇಳಬೇಕಾದ ಮಾತನ್ನು ಬಾಯೊಳಗೆ ತಿರುಗಿಸುತ್ತಾ ಕೂತಿದ್ದೆ.

ಮಾವನ ಮನೆಯ ಮುಂದೆ ಹೋದಾಗ ಮೂಗಿಗೆ ಮೊದಲು ಬಡಿದದ್ದು ಸುಟ್ಟ ಅರಿಶಿನದ ವಾಸನೆ. ಮಾವ ಜಗಲಿಯ ಮೇಲೆ ತಲೆಗೆ ಕೈ ಹೊತ್ತು ಕೂತಿದ್ದ. ನನ್ನನ್ನು ಕಂಡು ಎದ್ದ.

“ಅಲ್ಲೇ ನಿಲ್ಲಪ್ಪ. ಆಸಾಡ ಕಳೀಲಿಲ್ಲ ಇನ್ನ. ಒಸ್ಲು ದಾಟ್ಬೇಡ, ನಿಮ್ಮತ್ತೆ ಒಳಗವ್ಳೆ.”

“ನಿಲ್ಸು ಮಾವ” ಅಂದೆ. “ಅವಳದೇನೂ ಇಲ್ಲ. ಕಾಯ್ಲೆ ನಂದು.”

“ಏನಂದೆ?”

“ಕಾಯ್ಲೆ ನಂದು ಮಾವ. ಮದ್ವೆ ಆದಾಗಿಂದ್ಲೂ ನಂದೇ. ಅವಳನ್ನ ನಾನು ಎಂಡ್ತಿ ಮಾಡ್ಕಂಡೇ ಇಲ್ಲ.”

ಇಷ್ಟು ದಿನ ಆಡದೆ ಉಳಿದದ್ದು ಇಷ್ಟೇ ಇಷ್ಟು ಮಾತು. ನಾನು ಹೊಸ್ತಿಲು ದಾಟಿದೆ. ಒಳಗೆ ಅತ್ತೆ ಗಾಬರಿಯಿಂದ ಸೆರಗು ಮುಖಕ್ಕೆ ಎಳೆದುಕೊಂಡು ಪಕ್ಕಕ್ಕೆ ಸರಿದಳು. ಒಲೆಯ ಮುಂದೆ ಒಬ್ಬ ಮುದುಕಿ ಅರಿಶಿನದ ಕೊಂಬನ್ನು ಎರಡನೆಯ ಸಲ ಕೆಂಡಕ್ಕೆ ಹಿಡಿದಿದ್ದಳು. ನಾರಾಯಣಮ್ಮ ಚಾಪೆಯ ಮೇಲೆ ಸೆರಗಿನ ತುದಿ ಬಾಯಿಗೆ ತುರುಕಿಕೊಂಡು ಮಲಗಿದ್ದಳು. ಒಂದು ಬರೆ ಆಗಿಹೋಗಿತ್ತು.

ಮುದುಕಿಯ ಕೈಯಿಂದ ಕೊಂಬು ಕಿತ್ತು ಹಿತ್ತಲಿಗೆ ಎಸೆದೆ. ನನ್ನ ಬೆರಳೂ ಸುಟ್ಟಿತು. ಆ ಉರಿ ಎರಡು ದಿನ ಇತ್ತು, ಅಷ್ಟೇ.

ಸಂಜೆ ದನದ ಕೊಟ್ಟಿಗೆಯ ಪಕ್ಕ ಇಬ್ಬರೇ ಕೂತೆವು. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ, ಎಲೆಅಡಿಕೆ ಸಂಚಿಯನ್ನೂ ಬಿಡದೆ. ಅವಳು ಬೆಣ್ಣೆ ಹಚ್ಚಿದ ಜಾಗಕ್ಕೆ ಬಟ್ಟೆ ತಾಗದಂತೆ ಸೆರಗು ಎತ್ತಿ ಹಿಡಿದುಕೊಂಡೇ ಕೇಳಿಸಿಕೊಂಡು ಹೇಳಿದಳು.

“ನಾನ್ ಕಪ್ಪು ಅಂತ ನಿಮ್ಗೆ ಇಷ್ಟ ಇಲ್ಲ ಅನ್ಕಂಡಿದ್ದೆ ಬಾವ.”

“ಅಲ್ಲ ಕಣೇ, ನಿಂಗೆ ಎಲ್ಲಾ ಗೊತ್ತಿತ್ತಲ್ಲ. ಏನೂ ನಡೀದೆ ಮಗು ಎಂಗಾಯ್ತದೆ? ಬರೆ ಆಕ್ತೀವಿ ಅಂದಾಗ ಯಾಕೆ ಏಳ್ಲಿಲ್ಲ?”

ಅವಳು ಎಮ್ಮೆಯ ಕಡೆ ಒಂದು ಹಿಡಿ ಹುಲ್ಲು ಎಸೆದಳು.

“ಏಳಿದ್ರೆ ನಿಮ್ ಮಾನ ಉಳೀತಿತ್ತಾ? ಒಂದು ಬರೆ ತಾನೆ ಅನ್ಕಂಡೆ. ಮೂರು ಅಂತ ಗೊತ್ತಿರ್ಲಿಲ್ಲ.”

ಶ್ರಾವಣದ ಮೊದಲ ವಾರ ಆಸ್ಪತ್ರೆಗೆ ಸೇರಿದೆ. ಅಲ್ಲಿಗೂ ಒಂದು ಹೆದರಿಕೆ ಜೊತೆಗೇ ಬಂತು. ಮಾವ ಯಾರನ್ನೋ ಕೇಳಿಕೊಂಡು ಬಂದು, “ಸಾಬ್ರಿಗೆ ಮಾಡ್ತಾರಲ್ಲ, ಅದೇ ಅಂತೆ ಕಣಪ್ಪ. ಜಾತಿ ಕೆಟ್ರೆ?” ಎಂದು ಮಂಚದ ಪಕ್ಕ ಪಿಸುಗುಟ್ಟಿದ. ನಾನೂ ಹಾಸಿಗೆಯಿಂದ ಎದ್ದು ಕೂತೆ. ಕಟ್ಟು ಕಟ್ಟುವ ಡ್ರೆಸ್ಸರ್ ಬಾಷಾ ಅಲ್ಲೇ ಹತ್ತಿ ಮಡಿಸುತ್ತಿದ್ದವನು ಕೇಳಿಸಿಕೊಂಡ. ಬೇಜಾರು ಮಾಡಿಕೊಳ್ಳಲಿಲ್ಲ.

“ನಮ್ಮ ಮನೆಯಲ್ಲಿ ಇದಕ್ಕೆ ಹೂವಿನ ಹಾರ ಹಾಕಿ ಊರಿಗೆಲ್ಲ ಬಿರಿಯಾನಿ ಹಾಕಿಸ್ತಾರೆ ಯಜಮಾನ್ರೇ” ಅಂದ. “ನೀವು ನೋಡಿದ್ರೆ ಹೆಣ ಕಾಯೋ ಹಂಗೆ ಕೂತಿದೀರ. ಚರ್ಮ ಹೋದ್ರೆ ಜಾತಿ ಹೋಗೋದಾದ್ರೆ, ಗಣಿಯಲ್ಲಿ ಬೆರಳು ಕಳ್ಕೊಂಡೋರೆಲ್ಲ ಏನಾಗ್ಬೇಕು?”

ಮಾವನಿಗೆ ನಗು ಬಂತು. ಮಗಳಿಗೆ ಬರೆ ಬಿದ್ದ ಸಿಟ್ಟಿಗೆ ತಂಗಿಯ ಮನೆಯ ಬಾಗಿಲು ಇನ್ನು ತುಳಿಯುವುದಿಲ್ಲ ಎಂದು ಹೊರಟಿದ್ದ ಮನುಷ್ಯ ಅವತ್ತು ಮೊದಲ ಸಲ ನಕ್ಕ. ಆಪರೇಷನ್ ಆದ ದಿನ ಬಾಷಾ ಮನೆಯಿಂದ ಒಂದು ಡಬ್ಬಿ ಸಿಹಿ ತಂದು ನನ್ನ ದಿಂಬಿನ ಪಕ್ಕ ಇಟ್ಟು, “ಹಾರ ಸಿಗಲಿಲ್ಲ” ಅಂದ.

ಗಾಯ ಹದಿನೈದು ದಿನಕ್ಕೆ ಮಾಯಿತು. ಅಲ್ಲಿಗೆ ಎಲ್ಲ ಮುಗಿಯಿತು ಎಂದು ಬರೆದರೆ ಸುಳ್ಳಾಗುತ್ತದೆ. ನೋವು ಹೋದರೂ ಹೆದರಿಕೆಯ ಅಭ್ಯಾಸ ಹೋಗಲಿಲ್ಲ. ಅವಳು ಹತ್ತಿರ ಕೂತರೆ ಮೈ ತಾನಾಗಿ ಬಿಗಿಯುತ್ತಿತ್ತು. ಹಳೆಯ ತಲೆನೋವು ನಾಲಿಗೆಯ ತುದಿಗೆ ಬರುತ್ತಿತ್ತು. ದೀಪಾವಳಿ ಕಳೆಯಿತು, ಸಂಕ್ರಾಂತಿಯೂ ಬಂತು. ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ. ವ್ಯತ್ಯಾಸ ಒಂದೇ. ಈಗ ನಾನು ಸುಳ್ಳು ಹೇಳುತ್ತಿರಲಿಲ್ಲ. “ಎದ್ರಿಕೆ ಆಯ್ತದೆ ಕಣೇ” ಅನ್ನುತ್ತಿದ್ದೆ. “ಅವಸರ ಏನೈತೆ ಬಾವ, ಊರು ಮುಳುಗ್ತಿದ್ಯಾ?” ಅನ್ನುತ್ತಿದ್ದಳು. ಅವರೆಕಾಯಿ ತಂದು ಮುಂದೆ ಸುರಿಯುತ್ತ, “ಸುಲೀರಿ” ಅನ್ನುತ್ತಿದ್ದಳು. ಇಬ್ಬರೂ ಕೂತು ಸುಲಿಯುತ್ತಿದ್ದೆವು. ಹಾಗೆ ಸುಲಿದು ಸುಲಿದೇ ನಾನು ಗುಣವಾದೆ ಅಂದರೆ ಡಾಕ್ಟರು ಒಪ್ಪಲಿಕ್ಕಿಲ್ಲ.

ಯುಗಾದಿಯ ಹೊತ್ತಿಗೆ ಹಗಲು ಪಾಳಿ ಕೇಳಿದೆ. ಮೊದಲ ದಿನ ಜಡ್ತಿ ಕೋಣೆಯಲ್ಲಿ ಕೈ ಬೀಸಿಕೊಂಡು ಗೆರೆ ದಾಟಿದೆ. ಏಳುಮಲೈ ನೋಡಿದ. “ಇನ್ನು ಹಗಲು ಪಾಳಿಯಾ ತಂಬಿ?” ಅಂದ. ಹೌದು ಅಂದೆ. “ಸರಿ, ಸರಿ” ಎಂದು ಮೀಸೆಯೊಳಗೇ ನಕ್ಕು ಮುಂದಿನವನನ್ನು ಕರೆದ.

ಅಮ್ಮ ಎಲ್ಲ ತಿಳಿದ ಮೇಲೆ ಬಹಳ ದಿನ ಸೊಸೆಯ ಎದುರು ತಲೆಯೆತ್ತಲಿಲ್ಲ. ಸಾಯುವ ತನಕ ಸ್ನಾನದ ದಿನ ಅವಳ ತಲೆಗೆ ತಾನೇ ಎಣ್ಣೆ ಹಚ್ಚಿದಳು. ಕ್ಷಮಿಸು ಎಂಬ ಮಾತು ನಮ್ಮ ಮನೆಯಲ್ಲಿ ಆಡಿ ಗೊತ್ತಿಲ್ಲ. ನಾನೂ ಆಡಲಿಲ್ಲ.

ನಮಗೆ ಮೂವರು ಮಕ್ಕಳಾದರು, ಅವರಿಗೆ ಮಕ್ಕಳಾದರು. ನಾರಾಯಣಮ್ಮ ಹೋಗಿ ಈಗ ನಾಲ್ಕು ವರ್ಷ. ಅವಳು ಇದ್ದಾಗ ಬಾವಿಕಟ್ಟೆಯ ಪಕ್ಕ ಕೂತು ಮೊಮ್ಮಕ್ಕಳಿಗೆ ನೀರು ಹಾಕುವಾಗ ಸೆರಗು ಸರಿದು, ಹೊಟ್ಟೆಯ ಮೇಲಿನ ಆ ಕಪ್ಪು ಗುರುತು ಕಾಣುತ್ತಿತ್ತು. ಒಂದು ದಿನ ಮೊಮ್ಮಗಳು ಅದರ ಮೇಲೆ ಬೆರಳಿಟ್ಟು “ಇದೇನಜ್ಜಿ?” ಎಂದು ಕೇಳಿದಳು. ನಾನು ಜಗಲಿಯ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದೆ.

“ಅದಾ?” ಅಂದಳು ನಾರಾಯಣಮ್ಮ, ತಂಬಿಗೆಯಿಂದ ನೀರು ಹಾಕುತ್ತಾ. “ನಿಮ್ ತಾತಂಗೆ ಒಂದು ಕಾಯ್ಲೆ ಬಂದಿತ್ತು ಕಣಮ್ಮ. ಅದರ ಗಾಯ.”